ದುಬಾಯಿಗೆ ಹೊರಡುವ ಮೊದಲು

ಕಾಸರಗೋಡಿನ ಎಷ್ಟೋ ಮನೆಗಳ ಮಕ್ಕಳು ದುಬಾಯಿಯಲ್ಲಿ ದುಡಿಯುತ್ತಿದ್ದಾರೆ. ಅವರನ್ನು ನೋಡಲು ನೀವೂ ಹೊರಟಿದ್ದೀರಾ? ಹಾಗಾದರೆ ಚೀಲ ಕಟ್ಟುವ ಮೊದಲು ಇದನ್ನು ಓದಿ.

ಗಸಗಸೆ ಒಯ್ಯಬೇಡಿ. ನಮ್ಮಲ್ಲಿ ಅದು ಪಾಯಸದ ಸಾಮಾನು. ಆದರೆ ಅದು ಅಫೀಮು ಗಿಡದ ಬೀಜ. ಅಲ್ಲಿ ಅದಕ್ಕೆ ನಿಷೇಧ ಇದೆ. ಮಸಾಲೆ ಪುಡಿಯಲ್ಲೂ ಅದು ಇರಬಾರದು. ಸಿಕ್ಕಿಬಿದ್ದರೆ ಜೈಲಿಗೆ ಹೋಗಬೇಕಾದೀತು. ‘ನನಗೆ ಗೊತ್ತಿರಲಿಲ್ಲ’ ಅಂದರೆ ಕೇಳುವುದಿಲ್ಲ. ನೆರೆಯವರು ‘ನಮ್ಮ ಮಗನಿಗೆ ಕೊಡಿ’ ಅಂತ ಕಟ್ಟು ಕೊಟ್ಟರೆ, ಬಿಚ್ಚಿ ನೋಡಿಯೇ ತೆಗೆದುಕೊಳ್ಳಿ.

ಮಾತ್ರೆಗಳ ಜೊತೆ ವೈದ್ಯರ ಚೀಟಿ ಇರಲಿ. ಕೆಲವು ನೋವಿನ ಮಾತ್ರೆ, ನಿದ್ದೆ ಮಾತ್ರೆ, ಕೆಮ್ಮಿನ ಔಷಧಿಗೆ ಅಲ್ಲಿನ ಸರಕಾರದ ಅನುಮತಿ ಮೊದಲೇ ಬೇಕು. ಮಕ್ಕಳ ಹತ್ತಿರ ಕೇಳಿ ತಿಳಿಯಿರಿ.

ವಿಸಿಟ್ ವೀಸಾದಲ್ಲಿ ಹೋದವರು ಅಲ್ಲಿ ಕೆಲಸ ಮಾಡಬಾರದು. ವೀಸಾದ ದಿನ ಮುಗಿದ ಮೇಲೆ ನಿಂತರೆ ದಂಡ ಬೀಳುತ್ತದೆ.

‘ಅಸ್ಸಲಾಮು ಅಲೈಕುಂ’ ಅಂದವರಿಗೆ ‘ವ ಅಲೈಕುಂ ಅಸ್ಸಲಾಂ’ ಅನ್ನಿ. ಕೊಡುವುದು, ತೆಗೆದುಕೊಳ್ಳುವುದು ಬಲಗೈಯಲ್ಲಿ. ಹೆಂಗಸರು ತಾವಾಗಿ ಕೈ ನೀಡಿದರೆ ಮಾತ್ರ ಗಂಡಸರು ಕೈ ಕುಲುಕಬೇಕು. ಅರಬ್ಬರ ಮನೆಯಲ್ಲಿ ಸಣ್ಣ ಬಟ್ಟಲಿನಲ್ಲಿ ಕಾಫಿ ಕೊಡುತ್ತಾರೆ. ಸಾಕಾದರೆ ಖಾಲಿ ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಿ. ಇಲ್ಲದಿದ್ದರೆ ಮತ್ತೆ ಸುರಿಯುತ್ತಾರೆ!

ಕೇಳದೆ ಯಾರ ಫೋಟೋನೂ ತೆಗೆಯಬೇಡಿ. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಉಪವಾಸದವರ ಎದುರು ತಿನ್ನಬೇಡಿ. ಮೆಟ್ರೋ ರೈಲಿನಲ್ಲಿ ತಿಂದರೆ ದಂಡ. ಪೊಲೀಸರ ಫೋನ್ ನಂಬರ್ 999.

ಹೇಳಿ ನೋಡೋಣ:
1. ಗಸಗಸೆ ಯಾಕೆ ಒಯ್ಯಬಾರದು?
2. ಕಾಫಿ ಸಾಕು ಅಂತ ಹೇಗೆ ತಿಳಿಸುತ್ತೀರಿ?
3. ನಿಮ್ಮ ಮಾತ್ರೆಗಳ ಹೆಸರು ಓದಿ ಬರೆಯಿರಿ.