ಬಳೆ ತೊಟ್ಟ ಕೈ

ಮಂಡ್ಯ ಜಿಲ್ಲೆಯ ಬೇಸಾಯವನ್ನು ಕಣ್ಣಾರೆ ಕಾಣಬೇಕೆನ್ನುವವರು ಮಳೆಗಾಲದಲ್ಲಿ ಶ್ರೀರಂಗಪಟ್ಟಣದಿಂದ ಹೊರಟು, ಪಾಂಡವಪುರ ಮತ್ತು ಕೃಷ್ಣರಾಜಪೇಟೆಗಳ ಮೂಲಕ ನಾಗಮಂಗಲದವರೆಗೆ ಒಮ್ಮೆ ಪ್ರಯಾಣ ಮಾಡಬೇಕು. ಶ್ರೀರಂಗಪಟ್ಟಣ ಮತ್ತು ಪಾಂಡವಪುರಗಳದು ನೀರಾವರಿಯ ಸೀಮೆ. ಅಲ್ಲಿ ಕನ್ನಂಬಾಡಿ ಕಟ್ಟೆಯ ನೀರು ನಾಲೆಗಳಲ್ಲಿ ಹರಿದು ಭತ್ತದ ಗದ್ದೆಗಳನ್ನೂ ಕಬ್ಬಿನ ತೋಟಗಳನ್ನೂ ತಣಿಸುತ್ತದೆ. ಕೃಷ್ಣರಾಜಪೇಟೆಯ ಕೆಲವು ಭಾಗಗಳಿಗೆ ಹೇಮಾವತಿಯ ನೀರು ಒದಗಿದೆ. ನಾಗಮಂಗಲದ ಕಡೆಗೆ ಸಾಗಿದಂತೆ ಗದ್ದೆಗಳು ವಿರಳವಾಗಿ, ರಾಗಿ ಮತ್ತು ಹುರುಳಿಯ ಹೊಲಗಳೂ ತೆಂಗಿನ ತೋಟಗಳೂ ಕಾಣಿಸಿಕೊಳ್ಳುತ್ತವೆ. ಹೀಗೆ ದಾರಿಯುದ್ದಕ್ಕೂ ನೆಲ ಬದಲಾಗುತ್ತದೆ, ಬೆಳೆಯೂ ಬದಲಾಗುತ್ತದೆ. ಆದರೆ ಒಂದು ದೃಶ್ಯ ಮಾತ್ರ ಬದಲಾಗುವುದಿಲ್ಲ. ಅದು ಸಾಲಾಗಿ ನಿಂತು, ನಡು ಬಗ್ಗಿಸಿ ದುಡಿಯುತ್ತಿರುವ ಹೆಂಗಸರ ದೃಶ್ಯ.

ನಾಟಿಯ ದಿನಗಳಲ್ಲಿ ಅವರ ದುಡಿಮೆಯನ್ನು ನೋಡಬೇಕು. ಮೊಣಕಾಲವರೆಗಿನ ಕೆಸರಿನಲ್ಲಿ ನಿಂತು, ಎಡಗೈಯಲ್ಲಿ ಪೈರಿನ ಕಟ್ಟನ್ನು ಹಿಡಿದು, ಬಲಗೈಯಿಂದ ನೆಡುತ್ತ ಅವರು ಹಿಂದೆ ಹಿಂದೆ ಸರಿಯುತ್ತಾರೆ. ಬೆಳಗ್ಗೆ ಬಗ್ಗಿದ ನಡು ಊಟದ ಹೊತ್ತಿಗೆ ಒಮ್ಮೆ ನೆಟ್ಟಗಾದರೆ, ಮತ್ತೆ ನೆಟ್ಟಗಾಗುವುದು ಸಂಜೆಗೇ. ಮಳೆ ಸುರಿದರೂ ಸಾಲು ಮುಗಿಯದೆ ಬದುವನ್ನು ಏರುವಂತಿಲ್ಲ. ಕಳೆ ಕೀಳುವುದು, ಕಬ್ಬಿನ ತರಗನ್ನು ಸುಲಿಯುವುದು, ತಿಪ್ಪೆಗೊಬ್ಬರವನ್ನು ಮಂಕರಿಯಲ್ಲಿ ಹೊರುವುದು, ರಾಗಿ ಕೊಯ್ಯುವುದು, ಕಣದಲ್ಲಿ ಕಾಳನ್ನು ಕೇರುವುದು, ಇವೆಲ್ಲವೂ ಬಹುಮಟ್ಟಿಗೆ ಅವರ ಪಾಲಿನ ಕೆಲಸಗಳೇ. ಹೊಲಕ್ಕೆ ಬರುವ ಮೊದಲೇ ಅವರು ಮನೆಯಲ್ಲಿ ಒಂದು ಸುತ್ತು ದುಡಿದಿರುತ್ತಾರೆ. ಹೊಲದಿಂದ ಮರಳಿದ ಮೇಲೆ ಇನ್ನೊಂದು ಸುತ್ತು ಕಾದಿರುತ್ತದೆ.

ಸಂಜೆ ಕೂಲಿಯ ಲೆಕ್ಕ ನಡೆಯುತ್ತದೆ. ಆಗ ಎರಡು ಮಾತುಗಳು ಕೇಳಿಬರುತ್ತವೆ: 'ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು.' ಎರಡನೆಯ ಮೊತ್ತವು ಮೊದಲನೆಯದಕ್ಕಿಂತ ಕಡಮೆಯಾಗಿರುವುದೇ ಹೆಚ್ಚು. ಇದು ಒಂದು ಊರಿನ ಅಥವಾ ಒಂದು ಜಿಲ್ಲೆಯ ಪದ್ಧತಿಯಲ್ಲ. ನಮ್ಮ ದೇಶದ ಗ್ರಾಮೀಣ ಕೂಲಿದರಗಳ ಪಟ್ಟಿಗಳಲ್ಲಿಯೂ ಗಂಡಸರ ಕೂಲಿ ಮತ್ತು ಹೆಂಗಸರ ಕೂಲಿಗಳು ಬೇರೆ ಬೇರೆಯಾಗಿಯೇ ಕಾಣುತ್ತವೆ. ಬದುವಿನ ಮೇಲೆ ನಿಂತ ಒಬ್ಬ ಹೆಂಗಸು, "ಅಲ್ಲ ಕಣಣ್ಣಾ, ನಾವು ನೆಟ್ಟ ಪೈರು ಅರ್ಧ ತೆನೆ ಬಿಡ್ತದಾ?" ಎಂದು ಕೇಳಿದರೆ, ಅದಕ್ಕೆ ಏನೆಂದು ಉತ್ತರ ಕೊಡುವುದು?

ಸಾಮಾನ್ಯವಾಗಿ ಬರುವ ಉತ್ತರ ಇದು: 'ಹೆಣ್ಣಿಗೆ ಗಂಡಿನಷ್ಟು ಶಕ್ತಿ ಇಲ್ಲ.' ಈ ಅಭಿಪ್ರಾಯವು ನಮ್ಮ ಮನಸ್ಸಿನಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂಬುದನ್ನು ತಿಳಿಯಲು ನಮ್ಮ ಮಾತುಗಳನ್ನೇ ಪರೀಕ್ಷಿಸಬೇಕು. ಬಲವಿಲ್ಲದವಳು ಎಂಬ ಅರ್ಥದ 'ಅಬಲೆ' ಎಂಬ ಪದವನ್ನು ಹೆಣ್ಣಿನ ಇನ್ನೊಂದು ಹೆಸರೆಂಬಂತೆ ಬಳಸುತ್ತೇವೆ. ಪರಾಕ್ರಮಕ್ಕೆ 'ಪೌರುಷ' ಎನ್ನುತ್ತೇವೆ. ಅದು 'ಪುರುಷ' ಎಂಬ ಪದದಿಂದ ಬಂದುದು. ಧೈರ್ಯವಂತನನ್ನು 'ಗಂಡುಗಲಿ' ಎಂದು ಹೊಗಳುವ ನಾವೇ, ಅಂಜದೆ ನಡೆಯುವ ಹುಡುಗಿಯನ್ನು 'ಗಂಡುಬೀರಿ' ಎಂದು ಹಳಿಯುತ್ತೇವೆ. ಹಿಂಜರಿಯುವವನನ್ನು 'ಕೈಗೆ ಬಳೆ ತೊಟ್ಟುಕೋ' ಎಂದು ಹಂಗಿಸುತ್ತೇವೆ. ಆದರೆ ನಮ್ಮ ತಟ್ಟೆಯ ಅನ್ನಕ್ಕೂ ಮುದ್ದೆಗೂ ಪೈರನ್ನು ನೆಟ್ಟದ್ದು, ಕಳೆ ಕಿತ್ತದ್ದು ಬಳೆ ತೊಟ್ಟ ಕೈಗಳೇ ಎಂಬುದನ್ನು ಆಗ ಮರೆತಿರುತ್ತೇವೆ.

ಇನ್ನೊಂದು ಮಾತು ಮೇಲ್ನೋಟಕ್ಕೆ ಹೊಗಳಿಕೆಯಂತೆ ತೋರುತ್ತದೆ. ಚೆನ್ನಾಗಿ ದುಡಿಯುವ ಹೆಂಗಸನ್ನು ಕುರಿತು 'ಗಂಡಸಿನ ಹಾಗೆ ದುಡಿಯುತ್ತಾಳೆ' ಎನ್ನುತ್ತಾರೆ. ಇದರಲ್ಲಿ ಅಡಗಿರುವ ಅರ್ಥವನ್ನು ಗಮನಿಸಿರಿ. ಅವಳು ಸೋತರೆ ಆ ಸೋಲು ಹೆಣ್ಣಿನದು. ಗೆದ್ದರೆ ಆ ಗೆಲವು ಗಂಡಸಿನದು! ಅವಳ ತೋಳಿನ ಬಲವನ್ನು ಅವಳದೆಂದು ಒಪ್ಪಿಕೊಳ್ಳಲು ಈ ಮಾತಿಗೆ ಮನಸ್ಸಿಲ್ಲ.

ಈ ತಾತ್ಸಾರವನ್ನು ಪ್ರಶ್ನಿಸಿದವರು ಇಂದಿನವರು ಮಾತ್ರವಲ್ಲ. ಹದಿನೇಳನೆಯ ಶತಮಾನದಲ್ಲಿ ಶ್ರೀರಂಗಪಟ್ಟಣವು ಮೈಸೂರು ಅರಸರ ರಾಜಧಾನಿಯಾಗಿತ್ತು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮನು 'ಹದಿಬದೆಯ ಧರ್ಮ' ಎಂಬ ಸಾಂಗತ್ಯ ಕಾವ್ಯವನ್ನು ರಚಿಸಿದಳು. ಅದು ಸತಿಯ ಕರ್ತವ್ಯಗಳನ್ನು ಬೋಧಿಸುವ ಗ್ರಂಥ. ಆದರೂ 'ಹೆಣ್ಣು' ಎಂಬ ಮಾತನ್ನೇ ಹೀನಾರ್ಥದಲ್ಲಿ ಬಳಸುವವರನ್ನು ಕಂಡು ಅವಳು ಸುಮ್ಮನಿರಲಿಲ್ಲ. ತಮ್ಮನ್ನು ಹೆತ್ತು ಸಾಕಿದವಳೂ ಹೆಣ್ಣೇ ಅಲ್ಲವೆ ಎಂದು ಅವಳು ಕೇಳಿದ ಪ್ರಶ್ನೆ ಇಂದಿಗೂ ಕನ್ನಡಿಗರ ನೆನಪಿನಲ್ಲಿ ಉಳಿದಿದೆ.

ಇದಾದ ಒಂದು ಶತಮಾನದ ತರುವಾಯ ಹೈದರಾಲಿಯ ಸೇನೆ ಇದೇ ಶ್ರೀರಂಗಪಟ್ಟಣದ ರಾಜ್ಯದಿಂದ ಹೊರಟು ಚಿತ್ರದುರ್ಗವನ್ನು ಮುತ್ತಿತು. ಆಗ ಕೋಟೆಯ ಕಿಂಡಿಯಲ್ಲಿ ನುಸುಳಿ ಬಂದ ಸೈನಿಕರನ್ನು ಓಬವ್ವ ಒನಕೆಯಿಂದ ಬಡಿದಳೆಂಬ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಅವಳದು 'ಗಂಡೆದೆ' ಎಂದು ಹೊಗಳುವವರುಂಟು. ಆದರೆ ಅವಳ ಕೈಯಲ್ಲಿದ್ದ ಆಯುಧ ಯಾವುದು? ಹೆಂಗಸರು ದಿನವೂ ಭತ್ತ ಕುಟ್ಟುತ್ತಿದ್ದ ಒನಕೆ. ಭಾರವಾದ ಒನಕೆಯನ್ನು ತಲೆಯ ಮೇಲಕ್ಕೆತ್ತಿ ಒರಳಿಗೆ ಇಳಿಸುವ ಕೆಲಸವನ್ನು ಅಂದಿನ ಮನೆಮನೆಯ ಹೆಂಗಸರೂ ಮಾಡುತ್ತಿದ್ದರು. ಓಬವ್ವನ ಧೈರ್ಯ ಅಪೂರ್ವವಾದುದು; ತೋಳಿನ ಬಲವಾದರೋ ಅವಳ ಕಾಲದ ಸಾವಿರಾರು ಹೆಂಗಸರಲ್ಲಿಯೂ ಇದ್ದುದೇ.

ಹಾಗಾದರೆ ಗಂಡು ಹೆಣ್ಣುಗಳ ದೇಹಬಲದಲ್ಲಿ ವ್ಯತ್ಯಾಸವೇ ಇಲ್ಲವೆ? ಇದೆ. ಸರಾಸರಿಯಾಗಿ ನೋಡಿದರೆ ಗಂಡಸರ ದೇಹದಲ್ಲಿ, ವಿಶೇಷವಾಗಿ ತೋಳು ಮತ್ತು ಹೆಗಲುಗಳಲ್ಲಿ, ಸ್ನಾಯುಗಳ ಪ್ರಮಾಣ ಹೆಚ್ಚು. ಈ ಸತ್ಯವನ್ನು ಮರೆಮಾಚಬೇಕಾಗಿಲ್ಲ. ಆದರೆ ಸರಾಸರಿಯು ಒಬ್ಬೊಬ್ಬ ವ್ಯಕ್ತಿಯ ಅಳತೆಯಲ್ಲ. ಆಹಾರ, ಅಭ್ಯಾಸ, ಆರೋಗ್ಯ, ವೃತ್ತಿ ಇವೆಲ್ಲವೂ ಬಲವನ್ನು ರೂಪಿಸುತ್ತವೆ. ಕರ್ಣಂ ಮಲ್ಲೇಶ್ವರಿಯವರು ೨೦೦೦ದ ಸಿಡ್ನಿ ಒಲಿಂಪಿಕ್ ಕ್ರೀಡಾಕೂಟದಲ್ಲಿ ಭಾರ ಎತ್ತುವ ಸ್ಪರ್ಧೆಯಲ್ಲಿ ಕಂಚಿನ ಪದಕವನ್ನು ಗಳಿಸಿದರು. ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಅವರು. ೨೦೨೧ರಲ್ಲಿ ಟೋಕಿಯೋದಲ್ಲಿ ೪೯ ಕಿಲೋಗ್ರಾಂ ವರ್ಗದ ಮೀರಾಬಾಯಿ ಚಾನು ಅವರು ೧೧೫ ಕಿಲೋಗ್ರಾಂ ಭಾರವನ್ನು ಎತ್ತಿ ಬೆಳ್ಳಿಯ ಪದಕ ಪಡೆದರು. ತಮ್ಮ ತೂಕದ ಎರಡರಷ್ಟಕ್ಕೂ ಮೀರಿದ ಭಾರವದು. ನಮ್ಮ ಸರ್ವೋಚ್ಚ ನ್ಯಾಯಾಲಯವು ೨೦೨೩ರಲ್ಲಿ, ನ್ಯಾಯಾಲಯದ ಭಾಷೆಯಲ್ಲಿ ಸ್ತ್ರೀಯರ ಬಗ್ಗೆ ನುಸುಳುವ ಪೂರ್ವಗ್ರಹಗಳನ್ನು ಗುರುತಿಸುವ ಒಂದು ಕೈಪಿಡಿಯನ್ನು ಹೊರತಂದಿತು. ಎಲ್ಲ ಸ್ತ್ರೀಯರೂ ಎಲ್ಲ ಪುರುಷರಿಗಿಂತ ದುರ್ಬಲರೆಂಬ ಭಾವನೆಯನ್ನೂ ಅದು ಅಂತಹ ಪೂರ್ವಗ್ರಹಗಳಲ್ಲಿ ಸೇರಿಸಿದೆ.

ಇನ್ನೂ ಮುಖ್ಯವಾದ ಪ್ರಶ್ನೆಯೊಂದಿದೆ. ಕೂಲಿಯನ್ನು ನಿಜವಾಗಿಯೂ ದೇಹಬಲಕ್ಕೆ ತಕ್ಕಂತೆ ಕೊಡುತ್ತಿದ್ದೇವೆಯೆ? ನೇಗಿಲ ಉಳುಮೆಗೆ ತೋಳ್ಬಲ ಬೇಕೆಂದು ಹೇಳಿ ಹೆಚ್ಚು ಕೂಲಿ ಕೊಟ್ಟೆವು. ಈಗ ಟ್ರ್ಯಾಕ್ಟರು ಬಂದಿದೆ. ಅದನ್ನು ನಡೆಸುವವನು ಕುಳಿತು ದುಡಿಯುತ್ತಾನೆ. ಭಾರವನ್ನು ಎಳೆಯುವುದು ಯಂತ್ರ. ಬಲವೇ ಕೂಲಿಯ ಅಳತೆಯಾಗಿದ್ದರೆ ಅವನ ಕೂಲಿ ಕಡಮೆಯಾಗಬೇಕಾಗಿತ್ತು. ಹಾಗಾಗಲಿಲ್ಲ, ಅವನ ಕೌಶಲಕ್ಕೆ ಬೆಲೆ ಕೊಟ್ಟೆವು. ಕೊಡಬೇಕಾದುದೂ ನ್ಯಾಯವೇ. ಆದರೆ ಸಾಲು ತಪ್ಪದಂತೆ, ಪೈರು ತೇಲದಂತೆ, ಇಡೀ ದಿನ ಒಂದೇ ವೇಗದಲ್ಲಿ ನೆಡುವುದು ಕೌಶಲವಲ್ಲವೆ? ನಡು ಬಗ್ಗಿಸಿ ದಿನವೆಲ್ಲ ದುಡಿಯುವ ತಾಳಿಕೆ ಬಲವಲ್ಲವೆ? ನಾಟಿಯನ್ನು ಎಕರೆಗೆ ಇಷ್ಟೆಂದು ಗುತ್ತಿಗೆಗೆ ಕೊಟ್ಟಾಗ ನಾವು ನೆಟ್ಟ ನೆಲವನ್ನು ಅಳೆಯುತ್ತೇವೆಯೇ ಹೊರತು ನೆಟ್ಟವರು ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಕೆಲಸವನ್ನು ಅಳೆಯುವುದು ಸಾಧ್ಯವೆಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಸಂವಿಧಾನದ ೩೯ನೆಯ ಅನುಚ್ಛೇದವು ಸ್ತ್ರೀಪುರುಷರಿಬ್ಬರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ದೊರೆಯುವಂತೆ ರಾಜ್ಯವು ನೋಡಿಕೊಳ್ಳಬೇಕೆಂದು ಹೇಳುತ್ತದೆ. ಈ ತತ್ತ್ವವು ೧೯೭೬ರ ಸಮಾನ ವೇತನ ಕಾಯ್ದೆಯಿಂದ ಕಾನೂನಿನ ರೂಪವನ್ನು ಪಡೆಯಿತು. ೨೦೧೯ರಲ್ಲಿ ಸಂಸತ್ತು ಅಂಗೀಕರಿಸಿದ ವೇತನ ಸಂಹಿತೆಯಲ್ಲಿಯೂ ಸೇರಿತು. ೨೦೦೫ರ ಉದ್ಯೋಗ ಖಾತರಿ ಕಾಯ್ದೆಯ ಮೇರೆಗೆ ನಡೆದ ಕೆರೆ, ಕಾಲುವೆಗಳ ಕಾಮಗಾರಿಗಳಲ್ಲಿ ಹೆಂಗಸರಿಗೂ ಗಂಡಸರಿಗೂ ಒಂದೇ ಕೂಲಿದರವಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ೧೯೫೧ರಲ್ಲಿ ಅಂಗೀಕರಿಸಿದ ಒಪ್ಪಂದವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಸಮಾನ ಮೌಲ್ಯದ ಕೆಲಸ' ಎಂಬ ಮಾತನ್ನು ಬಳಸಿತು. ೧೯೫೮ರಲ್ಲಿ ಭಾರತವೂ ಅದನ್ನು ಒಪ್ಪಿಕೊಂಡಿತು. ಈ ಮಾತು ನಮ್ಮ ಹೊಲಗದ್ದೆಗಳಿಗೆ ಬಹಳ ಅಗತ್ಯ. ಏಕೆಂದರೆ ಕಬ್ಬು ಕಡಿಯುವವನ ಮತ್ತು ಪೈರು ನೆಡುವವಳ ಕೆಲಸಗಳು ಒಂದೇ ಅಲ್ಲ. ಆದರೆ ಒಂದಕ್ಕಿಂತ ಇನ್ನೊಂದು ಕೀಳೂ ಅಲ್ಲ.

ಕಾನೂನು ಕೂಲಿಯ ಲೆಕ್ಕವನ್ನು ತಿದ್ದಬಲ್ಲದು. ನಾಲಗೆಯನ್ನು ತಿದ್ದಿಕೊಳ್ಳಬೇಕಾದವರು ನಾವು. ಅದಕ್ಕೆ ನಮ್ಮ ಕನ್ನಡವೇ ದಾರಿ ತೋರಿಸುತ್ತದೆ. 'ಆಳು' ಎಂಬ ಪದದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಅದರ ಮುಂದೆ ಭೇದವನ್ನು ಅಂಟಿಸಿದವರು ನಾವೇ. ಏಕವಚನದಲ್ಲಿ 'ಅವನು', 'ಅವಳು' ಎಂದು ಬೇರೆಯಾದವರು ಬಹುವಚನದಲ್ಲಿ 'ಅವರು' ಎಂದು ಒಂದಾಗುತ್ತಾರೆ. 'ಉತ್ತರು, ನೆಟ್ಟರು, ಕೊಯ್ದರು, ಹೊತ್ತರು' ಎಂದಾಗ ಅಲ್ಲಿ ದುಡಿಮೆ ಕಾಣುತ್ತದೆಯೇ ಹೊರತು ಗಂಡೋ ಹೆಣ್ಣೋ ಎಂಬುದಲ್ಲ. ವ್ಯಾಕರಣದಲ್ಲಿರುವ ಈ ನ್ಯಾಯವು ಸಂಜೆಯ ಕೂಲಿಯ ಲೆಕ್ಕದಲ್ಲಿಯೂ ಕಾಣಿಸಿಕೊಂಡ ದಿನ, ಬದುವಿನ ಮೇಲೆ ನಿಂತ ಆ ಹೆಂಗಸು ತನ್ನ ಪ್ರಶ್ನೆಯನ್ನು ಕೇಳಬೇಕಾಗುವುದಿಲ್ಲ.

ಪದಗಳ ಅರ್ಥ

ವಿರಳ – ಅಪರೂಪ, ದಟ್ಟವಲ್ಲದ
ಮಂಕರಿ – ಗೊಬ್ಬರ, ಮಣ್ಣು ಹೊರುವ ಬುಟ್ಟಿ
ತರಗು – ಒಣಗಿದ ಎಲೆ
ತಾತ್ಸಾರ – ಕಡೆಗಣಿಸುವಿಕೆ
ಊಳಿಗ – ಸೇವೆ
ಪೂರ್ವಗ್ರಹ – ವಿಚಾರ ಮಾಡದೆ ಮೊದಲೇ ತಳೆದ ಅಭಿಪ್ರಾಯ

ಅಭ್ಯಾಸ

೧. 'ಗಂಡಸಿನ ಹಾಗೆ ದುಡಿಯುತ್ತಾಳೆ' ಎಂಬ ಹೊಗಳಿಕೆಯಲ್ಲಿ ಅಡಗಿರುವ ದೋಷವೇನು?
೨. ಕೂಲಿಯನ್ನು ದೇಹಬಲಕ್ಕೆ ತಕ್ಕಂತೆ ಕೊಡುತ್ತಿಲ್ಲವೆಂಬುದನ್ನು ಲೇಖಕರು ಹೇಗೆ ತೋರಿಸಿದ್ದಾರೆ?
೩. 'ಸಮಾನ ಕೆಲಸ' ಮತ್ತು 'ಸಮಾನ ಮೌಲ್ಯದ ಕೆಲಸ' ಇವುಗಳಿಗಿರುವ ವ್ಯತ್ಯಾಸವನ್ನು ಉದಾಹರಣೆಯೊಡನೆ ವಿವರಿಸಿರಿ.
೪. 'ಅವನು', 'ಅವಳು', 'ಅವರು' ಈ ಸರ್ವನಾಮಗಳ ಲಿಂಗ, ವಚನಗಳನ್ನು ತಿಳಿಸಿರಿ.
೫. ನಿಮ್ಮ ಮನೆಯಲ್ಲಿ ಒಂದು ದಿನ ಯಾರು ಯಾರು ಯಾವ ಯಾವ ಕೆಲಸವನ್ನು ಎಷ್ಟು ಹೊತ್ತು ಮಾಡುತ್ತಾರೆಂಬುದನ್ನು ಗಮನಿಸಿ ಪಟ್ಟಿ ಮಾಡಿರಿ, ತರಗತಿಯಲ್ಲಿ ಚರ್ಚಿಸಿರಿ.