ಚೇತರಿಕೆಯ ಕಾಲದಲ್ಲಿ ಪ್ರೋಗ್ರಾಮರುಗಳ ನೇಮಕ ಮತ್ತು ವೇತನ: ಸಣ್ಣ ಉದ್ದಿಮೆದಾರರಿಗೊಂದು ಪಾಠ

ಹಿಂಜರಿತದ ದಿನಗಳಲ್ಲಿ ಅನುಭವಿ ಪ್ರೋಗ್ರಾಮರನ್ನು ಸಾಧಾರಣ ಸಂಬಳಕ್ಕೆ ನೇಮಿಸಿಕೊಳ್ಳುವುದು ಸಣ್ಣ ಕಾರ್ಖಾನೆಗೂ ಸಾಧ್ಯ. ಮಾರುಕಟ್ಟೆ ಚೇತರಿಸಿಕೊಂಡೊಡನೆ ಅವರನ್ನು ಉಳಿಸಿಕೊಳ್ಳುವುದು ಕಷ್ಟ. ದಾಸ್ತಾನು, ಬಿಲ್ಲು, ತೆರಿಗೆ ಲೆಕ್ಕಗಳೆಲ್ಲವೂ ಒಬ್ಬರೇ ಬರೆದ ತಂತ್ರಾಂಶವನ್ನು ಅವಲಂಬಿಸಿರುವಾಗ, ಅವರ ರಾಜೀನಾಮೆಯು ಮುಖ್ಯ ಯಂತ್ರವೇ ಕೆಟ್ಟು ನಿಂತಷ್ಟು ನಷ್ಟವನ್ನುಂಟುಮಾಡುತ್ತದೆ.

ಇದಕ್ಕೆ ಬೆಂಗಳೂರಿನ ಅನುಭವವೇ ನಿದರ್ಶನ. 2000ದ ಮಾರ್ಚ್‌ನಲ್ಲಿ 5,000 ಅಂಶಗಳನ್ನು ದಾಟಿದ್ದ ಅಮೆರಿಕದ ನಾಸ್ಡಾಕ್ ಸೂಚ್ಯಂಕವು 2002ರ ಅಕ್ಟೋಬರ್ ವೇಳೆಗೆ ಮುಕ್ಕಾಲು ಪಾಲಿಗೂ ಹೆಚ್ಚು ಕುಸಿಯಿತು. ಅಲ್ಲಿ ಕೆಲಸ ಕಳೆದುಕೊಂಡು ಮರಳಿದವರೂ ಇಲ್ಲಿ ಆಗತಾನೆ ಪದವಿ ಪಡೆದವರೂ ಒಂದೇ ಸಮಯದಲ್ಲಿ ಕೆಲಸ ಅರಸಬೇಕಾಯಿತು. ಬಳಿಕ ಹೊರಗುತ್ತಿಗೆ ಹೆಚ್ಚಿ, 2003–04ನೇ ಸಾಲಿನಲ್ಲಿ ಇನ್ಫೋಸಿಸ್ ಸಂಸ್ಥೆಯ ವರಮಾನವು 100 ಕೋಟಿ ಡಾಲರ್ ದಾಟಿತು. ಕೋವಿಡ್ ನಂತರದ ಚೇತರಿಕೆಯಲ್ಲಿ, 2022ರ ಏಪ್ರಿಲ್–ಜೂನ್ ಅವಧಿಯಲ್ಲಿ, ಅದೇ ಸಂಸ್ಥೆಯು ಪ್ರಕಟಿಸಿದ ನೌಕರರ ನಿರ್ಗಮನ ಪ್ರಮಾಣ ಶೇ. 28.4. ದೊಡ್ಡ ಸಂಸ್ಥೆಗಳ ಸ್ಥಿತಿಯೇ ಹೀಗಿರುವಾಗ ಸಣ್ಣವರು ಮುಂಜಾಗ್ರತೆ ವಹಿಸಲೇಬೇಕು.

ಚೇತರಿಕೆಯಲ್ಲಿ ಎಲ್ಲರ ವೇತನವೂ ಒಂದೇ ಸಮನೆ ಏರುವುದಿಲ್ಲ. ಕೆಲಸವನ್ನು ಕೂಡಲೇ ಕೈಗೆತ್ತಿಕೊಳ್ಳಬಲ್ಲ ಅನುಭವಿಗಳಿಗೆ ಮೊದಲು ಬೇಡಿಕೆ ಬರುತ್ತದೆ. ಹೊಸಬರ ಪೂರೈಕೆ ಕಾಲೇಜುಗಳಿಂದ ಪ್ರತಿ ವರ್ಷವೂ ಇರುವುದರಿಂದ ಅವರ ಆರಂಭಿಕ ವೇತನ ನಿಧಾನವಾಗಿ ಏರುತ್ತದೆ. ಆದುದರಿಂದ ಹೊಸಬರನ್ನು ಆರಿಸಿ ತರಬೇತುಗೊಳಿಸಿ, ಎರಡು–ಮೂರು ವರ್ಷ ಕಳೆಯುತ್ತಲೇ ಅವರ ಸಂಬಳವನ್ನು ತಾವಾಗಿಯೇ ಪರಿಷ್ಕರಿಸುವುದು ಲಾಭಕರ.

ಸಂಬಳದ ಮಾತುಕತೆಯಲ್ಲಿ ಸ್ಪಷ್ಟತೆ ಅಗತ್ಯ. ಉದಾಹರಣೆಗೆ, ಸಂಸ್ಥೆಗೆ ತಗಲುವ ವಾರ್ಷಿಕ ವೆಚ್ಚ 6,00,000 ರೂ., ಮೂಲ ವೇತನ ತಿಂಗಳಿಗೆ 25,000 ರೂ. ಎಂದಿರಲಿ. ಮಾಲೀಕರ ಭವಿಷ್ಯನಿಧಿ ವಂತಿಗೆ ಶೇ. 12ರಂತೆ 36,000 ರೂ., ಗ್ರಾಚ್ಯುಟಿ ಬಾಬ್ತು ಸುಮಾರು 14,400 ರೂ., ಸಾಧನೆಯಾಧಾರಿತ ಮೊತ್ತ 60,000 ರೂ. ಕಳೆದರೆ ತಿಂಗಳಿಗೆ ಉಳಿಯುವುದು ಸುಮಾರು 40,800 ರೂ. ನೌಕರರ ವಂತಿಗೆ 3,000 ರೂ. ಕಳೆದು, ವೃತ್ತಿ ತೆರಿಗೆಗೆ ಮುನ್ನ ಕೈಗೆ ಬರುವುದು 37,800 ರೂ. ಮಾತ್ರ. ತಿಂಗಳಿಗೆ 50,000 ರೂ. ನಿರೀಕ್ಷಿಸಿ ಸೇರಿದವರು ಮೊದಲ ಸಂಬಳದ ದಿನವೇ ಬೇರೆ ಕೆಲಸ ಹುಡುಕತೊಡಗಿದರೆ ಆಶ್ಚರ್ಯವಿಲ್ಲ. ಈ ಲೆಕ್ಕವನ್ನು ನೇಮಕಕ್ಕೆ ಮುನ್ನವೇ ಬರೆದು ಕೊಡುವುದು ಲೇಸು.

ಕರಾರುಪತ್ರವೊಂದನ್ನೇ ನೆಚ್ಚುವಂತಿಲ್ಲ. ಕೆಲಸ ಬಿಟ್ಟವರು ಬೇರೆಡೆ ದುಡಿಯಬಾರದೆಂಬ ಷರತ್ತು 1872ರ ಕರಾರು ಕಾಯಿದೆಯ 27ನೇ ಕಲಮಿನಂತೆ ಸಾಮಾನ್ಯವಾಗಿ ಅನೂರ್ಜಿತ. ಆದರೆ ಮೂರು ವರ್ಷಕ್ಕೆ ಮುನ್ನ ಬಿಟ್ಟರೆ 2 ಲಕ್ಷ ರೂ. ತೆರಬೇಕೆಂಬ ಸಾರ್ವಜನಿಕ ವಲಯದ ಬ್ಯಾಂಕೊಂದರ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಷರತ್ತು ನ್ಯಾಯಯುತವಾಗಿರಬೇಕೆಂಬುದೇ ಇದರ ತಾತ್ಪರ್ಯ.

ಇಷ್ಟಾದರೂ ಹೋಗುವವರು ಹೋಗುತ್ತಾರೆ. ತಂತ್ರಾಂಶದ ಮೂಲ ಸಂಕೇತ, ಗುಪ್ತಪದಗಳು ಮತ್ತು ಬಳಕೆಯ ವಿವರಣೆ ಸಂಸ್ಥೆಯ ವಶದಲ್ಲಿರಲಿ. ಕೆಲಸ ಬಲ್ಲ ಎರಡನೆಯವರೊಬ್ಬರು ಸದಾ ಸಿದ್ಧರಿರಲಿ.