ಚಂದ್ರನಿಗೆ ಜೀವವಿದೆ, ಮರಕ್ಕಿಲ್ಲವೇ?

ಪ್ರಶ್ನೆ: ನನ್ನ ಐದು ವರ್ಷದ ಮಗಳು ಚಂದ್ರನಿಗೆ ಜೀವವಿದೆ, ಮನೆ ಮುಂದಿನ ಹೊಂಗೆ ಮರಕ್ಕಿಲ್ಲ ಎಂದು ಹಟ ಹಿಡಿಯುತ್ತಾಳೆ. ಊರಲ್ಲಿರುವ ತಂಗಿಯ ಮಗನಿಗೂ ಅದೇ ವಯಸ್ಸು. ಯಾವ ಹಣ್ಣು ತಿನ್ನಬಹುದು, ಯಾವ ಗಿಡ ಮುಟ್ಟಬಾರದು ಎಂದು ಅವನು ಪಟಪಟ ಹೇಳುತ್ತಾನೆ. ಈ ತಿಳಿವಳಿಕೆ ವಯಸ್ಸಿನ ಜೊತೆ ತಾನಾಗಿ ಬರುತ್ತದೆಯೋ, ನಾವು ಕಲಿಸಬೇಕೋ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಮೊದಲು ಮಗಳ ವಿಷಯ. ಅವಳ ವಾದದಲ್ಲಿ ತರ್ಕವಿದೆ. ಅವಳು ನಡೆದರೆ ಚಂದ್ರ ಜೊತೆಗೇ ಬರುತ್ತಾನೆ, ಮರ ನಿಂತಲ್ಲೇ ನಿಂತಿರುತ್ತದೆ. ತಾನಾಗಿ ಚಲಿಸುವುದಕ್ಕೆ ಜೀವವಿದೆ ಎಂದು ಚಿಕ್ಕ ಮಕ್ಕಳು ನಂಬುವುದನ್ನು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1920ರ ದಶಕದಲ್ಲೇ ವಿವರವಾಗಿ ಬರೆದಿಟ್ಟಿದ್ದಾರೆ. ಗಿಡಮರಗಳನ್ನು ಜೀವಿಗಳ ಸಾಲಿಗೆ ಸೇರಿಸಲು ಬಹಳಷ್ಟು ಮಕ್ಕಳಿಗೆ ಇನ್ನೂ ಕೆಲವು ವರ್ಷ ಬೇಕಾಗುತ್ತದೆ. ಅದಕ್ಕಾಗಿ ನೀವು ಚಿಂತಿಸಬೇಕಿಲ್ಲ.

ನಿಮ್ಮ ತಂಗಿಯ ಮಗನಿಗೆ ಗೊತ್ತಿರುವುದು ಮಾತ್ರ ವಯಸ್ಸಿನಿಂದ ಬಂದದ್ದಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ವಯಸ್ಸಿನಿಂದ ಬರುವುದನ್ನೂ ಅನುಭವದಿಂದ ಬರುವುದನ್ನೂ ಸಂಶೋಧಕರೂ ಬಹುಕಾಲ ಒಂದೇ ಎಂದುಕೊಂಡಿದ್ದರು.

ಅಮೆರಿಕದ ಸೂಸನ್ ಕ್ಯಾರಿ 1985ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಈ ಕ್ಷೇತ್ರದಲ್ಲಿ ತುಂಬ ಪ್ರಭಾವ ಬೀರಿತು. ಮಕ್ಕಳು ಹೆಸರೇ ಕೇಳಿರದ ಒಂದು ಅಂಗ ಮನುಷ್ಯನಲ್ಲಿದೆ ಎಂದು ಹೇಳಿದರೆ, ನಾಲ್ಕು ವರ್ಷದವರು ಅದು ಬೇರೆ ಪ್ರಾಣಿಗಳಲ್ಲೂ ಇರಬೇಕು ಎಂದು ಊಹಿಸುತ್ತಿದ್ದರು. ಅದೇ ಅಂಗ ನಾಯಿಯಲ್ಲಿದೆ ಎಂದರೆ ಮನುಷ್ಯನಲ್ಲೂ ಇದ್ದೀತು ಎನ್ನಲು ಹಿಂಜರಿಯುತ್ತಿದ್ದರು. ಅಂದರೆ ಅವರ ಜೀವಲೋಕದ ನಡುವೆ ನಿಂತಿದ್ದವನು ಮನುಷ್ಯ. ಉಳಿದ ಪ್ರಾಣಿಗಳನ್ನೆಲ್ಲ ಅವನಿಂದಲೇ ಅಳೆಯುತ್ತಿದ್ದರು. ಬೆಳೆಯುವ ಎಲ್ಲ ಮಕ್ಕಳೂ ದಾಟುವ ಹಂತ ಇದು ಎಂಬ ಅಭಿಪ್ರಾಯ ಬೇರೂರಿತು.

ಆದರೆ ಆ ಮಕ್ಕಳು ನಗರದವರು. ಮುಂದೆ ಡಗ್ಲಸ್ ಮೆಡಿನ್, ಸ್ಕಾಟ್ ಅಟ್ರಾನ್, ನಾರ್ಬರ್ಟ್ ರಾಸ್ ಮೊದಲಾದವರು ಇಂಥದೇ ಪ್ರಶ್ನೆಗಳನ್ನು ವಿಸ್ಕಾನ್ಸಿನ್ ರಾಜ್ಯದ ಮೆನಾಮಿನಿ ಮೂಲನಿವಾಸಿಗಳ ಮಕ್ಕಳ ಮುಂದಿಟ್ಟರು. ಕಾಡು, ನದಿ, ಮೀನುಗಾರಿಕೆ, ಬೇಟೆಗಳ ನಡುವೆ ಬೆಳೆಯುವ ಮಕ್ಕಳವರು. ಮನುಷ್ಯನನ್ನೇ ಅಳತೆಗೋಲಾಗಿಸುವ ಪ್ರವೃತ್ತಿ ಅವರಲ್ಲಿ ಕಾಣಲಿಲ್ಲ. ಅವರು ಜೀವಿಗಳ ನಡುವಿನ ಸಂಬಂಧ ಹಿಡಿದು ಯೋಚಿಸುತ್ತಿದ್ದರು: ಜೇನುಹುಳದಲ್ಲಿರುವುದು ಕರಡಿಯಲ್ಲೂ ಇದ್ದೀತು, ಕರಡಿ ಜೇನು ತಿನ್ನುತ್ತದಲ್ಲ! 2003ರಲ್ಲಿ ಪ್ರಕಟವಾದ ಈ ಅಧ್ಯಯನ ನನಗೆ ಬಹಳ ಮುಖ್ಯವೆನಿಸುತ್ತದೆ. ಬಾಲ್ಯದ ಸಹಜ ಹಂತ ಎಂದು ನಾವು ಒಪ್ಪಿಕೊಂಡಿದ್ದು, ಹತ್ತಿರದಿಂದ ನೋಡಿದ ಜೀವಿ ಮನುಷ್ಯನೊಬ್ಬನೇ ಆಗಿರುವ ಮಕ್ಕಳ ಸ್ಥಿತಿಯಾಗಿತ್ತು.

ಹಾಗೆಂದು ಕಾಡಿನ ಅಂಚಿನಲ್ಲಿ ಹುಟ್ಟಿದರಷ್ಟೇ ಇದು ಸಾಧ್ಯ ಎಂದಲ್ಲ. ಜಪಾನಿನ ಕಾಯೊಕೊ ಇನಾಗಾಕಿ ಮನೆಯಲ್ಲಿ ಗೋಲ್ಡ್‌ಫಿಶ್ ಸಾಕಿದ ಮಕ್ಕಳನ್ನು ಸಾಕದವರ ಜೊತೆ ಹೋಲಿಸಿ ನೋಡಿದರು. ಮರಿಕಪ್ಪೆಯನ್ನು ಯಾವಾಗಲೂ ಇಷ್ಟೇ ಪುಟ್ಟದಾಗಿ ಇಟ್ಟುಕೊಳ್ಳಬಹುದೇ ಎಂದು ಕೇಳಿದರೆ, ಮೀನು ಸಾಕಿದವರಿಗೆ ತಮ್ಮ ಮೀನಿನ ನೆನಪಾಗುತ್ತಿತ್ತು: ಆಗಲ್ಲ, ಮೀನು ದೊಡ್ಡದಾದ ಹಾಗೆ ಕಪ್ಪೆಯೂ ದೊಡ್ಡದಾಗುತ್ತದೆ. ದಿನವೂ ಕಾಳು ಹಾಕಿ, ನೀರು ಬದಲಿಸಿ ನೋಡಿಕೊಂಡ ಒಂದು ಜೀವ, ಸಾಕಿರದ ಇನ್ನೊಂದನ್ನು ಅರಿಯಲು ನೆರವಾಯಿತು.

ಗಿಡಗಳ ಕಲಿಕೆಯ ದಾರಿ ಸ್ವಲ್ಪ ಬೇರೆ. ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ಹಸುಗೂಸು ಎಲೆಗೆ ಕೈಚಾಚಲು ಮಾತ್ರ ಹಿಂಜರಿಯುತ್ತದೆ. ಆನಿ ವರ್ಟ್ಸ್, ಕ್ಯಾರನ್ ವಿನ್ 2014ರಲ್ಲಿ ಇದನ್ನು ತೋರಿಸಿದರು. ಗಿಡದಿಂದ ಕಿತ್ತದ್ದನ್ನು ದೊಡ್ಡವರು ತಿನ್ನುವುದು ಕಂಡರೆ ಅದು ತಿನ್ನುವಂಥದ್ದು ಎಂದು ಮಕ್ಕಳು ಗುರುತಿಟ್ಟುಕೊಳ್ಳುತ್ತವೆ. ಇದು ವಿವೇಕದ ವ್ಯವಸ್ಥೆ. ಕೆಂಪಗೆ ಹೊಳೆಯುವ ಗುಲಗಂಜಿ ವಿಷ, ಎಕ್ಕದ ಹಾಲು ಕಣ್ಣಿಗೆ ಬೀಳಬಾರದು – ಇಂಥವನ್ನು ಪ್ರಯೋಗ ಮಾಡಿ ಕಲಿಯಲು ಆಗುವುದಿಲ್ಲ, ಯಾರಾದರೂ ಹೇಳಲೇಬೇಕು. ಹಳ್ಳಿಯಲ್ಲಿ ಆ ಯಾರಾದರೂ ಎಷ್ಟೋ ಸಲ ಎರಡು ವರ್ಷ ದೊಡ್ಡವಳಾದ ಅಕ್ಕ, ದನ ಕಾಯುವ ಅಣ್ಣ. ನೇರಳೆಗೆ ಕಲ್ಲು ಬೀಸುವಾಗ, ಕವಳೆ ಹಣ್ಣಿಗಾಗಿ ಮುಳ್ಳಿನಲ್ಲಿ ಕೈಹಾಕುವಾಗ ಪಾಠ ನಡೆದುಹೋಗುತ್ತದೆ. ಮೆಕ್ಸಿಕೋದ ತ್ಸೆಲ್ಟಾಲ್ ಮಾಯಾ ಹಳ್ಳಿಗಳಲ್ಲಿ ನಾಲ್ಕು ವರ್ಷದ ಮಕ್ಕಳಿಗೇ ನೂರರಷ್ಟು ಸಸ್ಯಗಳ ಗುರುತಿತ್ತು ಎಂದು ಬ್ರಯನ್ ಸ್ಟ್ರಾಸ್ 1973ರಲ್ಲಿ ಬರೆದರು. ಸುಮಾರು ಮೂವತ್ತು ವರ್ಷಗಳ ನಂತರ, ಹೊರಜಗತ್ತಿನ ಬದಲಾವಣೆಗಳು ಅಲ್ಲಿಗೂ ತಲುಪಿದ ಮೇಲೆ, ಇನ್ನಿಬ್ಬರು ಹೋಗಿ ನೋಡಿದರೆ ಆ ಜ್ಞಾನ ಹೆಚ್ಚೇನೂ ಕರಗಿರಲಿಲ್ಲ. ಮಕ್ಕಳು ಇನ್ನೂ ಹೊರಗೆ ಸುತ್ತುತ್ತಿದ್ದರು, ಮನೆಗೆ ಬೇಕಾದ್ದನ್ನು ತರುತ್ತಿದ್ದರು.

ಇಂಥ ಅವಕಾಶವಿಲ್ಲದ ನಗರದ ಮಕ್ಕಳ ನೆನಪಿನ ಶಕ್ತಿಗೆ ಏನೂ ಆಗಿಲ್ಲ. 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಎಂಟು ವರ್ಷದವರು ಪೋಕೆಮಾನ್ ಕಾರ್ಟೂನ್ ಜೀವಿಗಳ ಚಿತ್ರಗಳಲ್ಲಿ ಶೇ. 80ರಷ್ಟನ್ನು ಹೆಸರಿಸಿದರು, ಊರಿನ ಸಾಮಾನ್ಯ ಗಿಡ-ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಮಾತ್ರ.

ಹಾಗಾಗಿ ಕಲಿಸಬೇಕೋ ಎಂಬುದಕ್ಕೆ ನನ್ನ ಉತ್ತರ: ಪಾಠ ಹೇಳಬೇಡಿ, ಕೆಲಸ ಕೊಡಿ. ನಿಮ್ಮ ಹೊಂಗೆಯೇ ಸಾಕು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸೀಸನ್‌ವಾಚ್ ಯೋಜನೆಯಲ್ಲಿ ಶಾಲಾಮಕ್ಕಳು ಒಂದೇ ಮರವನ್ನು ವಾರವಾರವೂ ನೋಡಿ ಎಲೆ, ಹೂ, ಕಾಯಿಗಳ ಲೆಕ್ಕ ಬರೆಯುತ್ತಾರೆ, ನೀವಿಬ್ಬರೂ ಸೇರಬಹುದು. ಯುಗಾದಿಯ ಆಸುಪಾಸಿನಲ್ಲಿ ಹೊಂಗೆ ಎಲೆ ಉದುರಿಸಿ ತಿಳಿಹಸಿರು ಚಿಗುರು ಹೊದೆಯುವುದನ್ನು ಅವಳೇ ಕಾಣಲಿ. ಮರಕ್ಕೆ ಜೀವವಿದೆಯೇ ಎಂದು ಆಮೇಲೆ ಮತ್ತೊಮ್ಮೆ ಕೇಳಿ. ಬೇಸಿಗೆ ರಜೆಗೆ ಮಾತ್ರ ಅವಳನ್ನು ತಂಗಿಯ ಮನೆಗೆ ಕಳಿಸಿ. ಅಲ್ಲಿ ಅವಳಿಗೆ ಹಣ್ಣು ತೋರಿಸಿಕೊಡಲು ಅವಳದೇ ವಯಸ್ಸಿನ ಮೇಷ್ಟ್ರು ಇದ್ದಾನೆ.